ಮಗಳ ಖೋಲಿಗೆ ಕೂಡಿಸಿದ ಆಯ

ಟಿಕೋಟಾದ ದಾದಾಸಾಬ ಗೌಂಡಿಯಿಂದ ಮನೆ ಕಟ್ಟಿಸಿಕೊಂಡವರನ್ನು ಕೇಳಿ ನೋಡಿ, ಆತನ ಗೋಡೆಯ ಮಾತು ಯಾರೂ ಮೊದಲು ಎತ್ತುವುದಿಲ್ಲ. ಗೋಡೆಯನ್ನು ಯಾರಾದರೂ ಕಟ್ಟುತ್ತಾರೆ. "ಆಂವ ಆಯ ಕೂಡಿಸಿದ ಮನಿಯಾಗ ಯಾರೂ ಕೆಟ್ಟಿಲ್ಲ ನೋಡ್ರಿ" ಎನ್ನುತ್ತಾರೆ. ಈ ಮಾತಿನ ಮೇಲೆಯೇ ದಾದಾಸಾಬ ನಲವತ್ತು ವರ್ಷ ಅನ್ನ ಉಂಡ.

ಆಯದ ಲೆಕ್ಕ ಏನೂ ಕಷ್ಟದ್ದಲ್ಲ. ಖೋಲಿಯ ಒಳ ಉದ್ದವನ್ನು ಒಳ ಅಗಲದಿಂದ ಗುಣಿಸಬೇಕು. ಬಂದದ್ದನ್ನು ಎಂಟರಿಂದ ಭಾಗಿಸಬೇಕು. ಎಷ್ಟು ಉಳಿಯಿತೋ ಅದು ಆ ಖೋಲಿಯ ಆಯ. ಒಂದು ಉಳಿದರೆ ಧ್ವಜ, ಮೂರಾದರೆ ಸಿಂಹ, ಐದಾದರೆ ವೃಷಭ, ಏಳಾದರೆ ಗಜ. ಇವು ಒಳ್ಳೆಯವು. ಎರಡು, ನಾಲ್ಕು, ಆರು ಉಳಿದರೆ ಹೊಗೆ, ನಾಯಿ, ಕತ್ತೆ. ತಿಳಿದವರು ಬೇಡ ಅನ್ನುತ್ತಾರೆ. ಏನೂ ಉಳಿಯದೆ ಲೆಕ್ಕ ಸರಿಯಾಗಿ ಮುಗಿದುಬಿಟ್ಟರೆ ಅದು ಕಾಗೆಯ ಆಯ. ಅಂಥ ಖೋಲಿಯಲ್ಲಿ ಏನೂ ನಿಲ್ಲುವುದಿಲ್ಲ, ಮನುಷ್ಯರೂ ನಿಲ್ಲುವುದಿಲ್ಲ. ಬೇರೆ ಊರಿನ ಗೌಂಡಿಗಳ ಲೆಕ್ಕ ಬೇರೆ ಇದ್ದೀತು, ಅವರ ಜೊತೆ ಜಗಳಕ್ಕೆ ನಿಲ್ಲುವುದು ಬೇಡ. ಕಳ್ಳಕವಟಗಿಯ ಅಮರಪ್ಪ ಗೌಂಡಿ ದಾದಾಸಾಬನಿಗೆ ಕಲಿಸಿದ್ದು ಹೀಗೆ.

ಅಮರಪ್ಪ ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಕೆಟ್ಟದ್ದು. ಸಾಬರ ಹುಡುಗನಿಗೆ ಯಾಕೆ ಈ ಶಾಸ್ತ್ರವೆಲ್ಲ ಎಂದು ಯಾರೋ ಕೇಳಿದ್ದಕ್ಕೆ, "ಲೇ, ಗೌಂಡಿ ಮನಿ ಕಟ್ಟೂದು ಒಳಗಿರಾವ್ರ ಸಲುವಾಗಿ. ಅವರು ಬಾಳಿ ಬದುಕಬೇಕಂದ್ರ ಲೆಕ್ಕ ಬರಬೇಕು. ನಿನ್ನ ಮಗಗ ಬರತೈತೇನು? ಕಳಿಸು, ಕಲಿಸ್ತೇನಿ" ಎಂದು ಬಾಯಿ ಮುಚ್ಚಿಸಿದ್ದ. ಅವನು ಕಲಿಸಿದ ಇನ್ನೊಂದು ಮಾತು, ಮನೆಯವರು ಹೇಳುವ ಅಳತೆ ಬರೀ ಮಾತಿನ ಆರಂಭ. ಹತ್ತು ಫೂಟು ಅಂದರೆ ಹತ್ತರ ಸುಮಾರು. ಆಚೆ ಈಚೆ ಎಳೆದು ಆಯ ಕೂಡಿಸುವುದು ಗೌಂಡಿಯ ಧರ್ಮ. ಅದನ್ನು ಯಜಮಾನನಿಗೆ ಹೇಳುತ್ತ ಕೂಡುವ ಕೆಲಸವಿಲ್ಲ. ಅಡಿಗೆ ಮಾಡುವವಳು ಉಪ್ಪು ಎಷ್ಟು ಹಾಕಲಿ ಎಂದು ಉಣ್ಣುವವರನ್ನು ಕೇಳುತ್ತಾಳೆಯೇ?

ಇಷ್ಟೆಲ್ಲ ಕಲಿತವನು ತನ್ನ ಮನೆಗೆ ಮಾತ್ರ ಆಯ ಕೂಡಿಸಲಿಲ್ಲ, ಕೂಡಿಸಲು ಜಾಗವಿರಲಿಲ್ಲ. ಎರಡು ಕಡೆ ಅಣ್ಣತಮ್ಮಂದಿರ ಗೋಡೆ, ಹಿಂದೆ ಮಸೀದಿಯ ಹಾದಿ. ಎಂಟು ಹತ್ತರ ಒಂದು ಖೋಲಿ ಎದ್ದಿತು. ಎಂಟು ಹತ್ತಲೆ ಎಂಬತ್ತು, ಎಂಟರಿಂದ ಭಾಗಿಸಿದರೆ ಸೊನ್ನೆ. ಆಗ ಹರೆಯ, "ನೋಡೋಣ ಬಿಡು" ಅಂದುಕೊಂಡ. ಅದೇ ಖೋಲಿಯಲ್ಲಿ ಮೊದಲ ಮಗ ಅಶ್ಫಾಕ ಎರಡು ವರ್ಷದವನಿದ್ದಾಗ ಮೂರು ದಿನದ ಜ್ವರದಲ್ಲಿ ಹೋದ. ವಿಜಯಪುರದ ಡಾಕ್ಟರು ಮಿದುಳು ಜ್ವರ ಅಂದರು. ಹೆಂಡತಿ ರಾಜಬಿ ಅಲ್ಲಾಹನ ಮರ್ಜಿ ಅಂದಳು. ದಾದಾಸಾಬ ಯಾರಿಗೂ ಏನೂ ಹೇಳಲಿಲ್ಲ. ವಾರ ಕಳೆದ ಮೇಲೆ ಮುಂದಿನ ಅಂಗಳದಲ್ಲಿ ಏಳು ಒಂಬತ್ತರ ತಗಡು ಪತ್ರಾಸಿನ ಖೋಲಿ ಎಬ್ಬಿಸಿ ಹಾಸಿಗೆಯನ್ನು ಅಲ್ಲಿಗೆ ಸಾಗಿಸಿದ. ಬೇಸಿಗೆಯಲ್ಲಿ ಅದರೊಳಗೆ ರೊಟ್ಟಿ ತಾನಾಗಿ ಬೇಯುತ್ತಿತ್ತು. ರಾಜಬಿ ಬೈದಳು, ಬೆವರಿದಳು, ಅಲ್ಲೇ ಮಲಗಿದಳು. ಏಳು ಒಂಬತ್ತಲೆ ಅರವತ್ಮೂರು, ಉಳಿದದ್ದು ಏಳು, ಗಜ. ಸಮ್ರೀನ ಹುಟ್ಟಿದ್ದು ಅಲ್ಲಿ.

ಈ ಹುಡುಗಿ ಬದುಕಿದಳು, ಬೆಳೆದಳು, ಓದಿದಳು. ವಿಜಯಪುರದಲ್ಲಿ ಡಿಪ್ಲೊಮಾ ಮುಗಿಸಿ ಅಲ್ಲಿಯೇ ಸೊಲ್ಲಾಪುರ ರಸ್ತೆಯ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕೆ ಸೇರಿದಳು. ಸೊಸಾಯಿಟಿ, ಆಸ್ಪತ್ರೆ, ಕಾಲೇಜುಗಳಲ್ಲಿ ಸರ್ವರ್ ಇಡಲು ಖೋಲಿ ಸಿದ್ಧಮಾಡಿ ಕೊಡುವ ಕಂಪನಿ ಅದು. ಯಂತ್ರ ಎಲ್ಲಿ ನಿಲ್ಲಬೇಕು, ಗಾಳಿ ಎಲ್ಲಿಂದ ಬರಬೇಕು, ಕರೆಂಟು ಎಲ್ಲಿಂದ ಹೋಗಬೇಕು ಎಂದು ನಕ್ಷೆ ತೆಗೆಯುವುದು ಅವಳ ಕೆಲಸ. ಮಾಲಕ ಚೇತನಕುಮಾರ ಒಂದು ವರ್ಷ ನೋಡಿ ಆಮೇಲೆ ಕಾಯಂ ಮಾಡುತ್ತೇನೆ ಅಂದಿದ್ದ. ನೆಂಟರು ತಂದ ಎರಡು ವರಗಳನ್ನು ಸಮ್ರೀನ "ಕಾಯಂ ಆದಮ್ಯಾಲೆ ಮಾತಾಡೂಣು" ಎಂದು ವಾಪಸು ಕಳಿಸಿದ್ದಳು. ರಾಜಬಿ ಇದಕ್ಕೂ ಬೈದಳು. ದಾದಾಸಾಬನಿಗೆ ಮಾತ್ರ ಒಳಗೊಳಗೇ ಹಿಗ್ಗು. ನಮ್ಮ ವಂಶದಲ್ಲಿ ಎಲ್ಲರೂ ಇಟ್ಟಂಗಿ ಹೊತ್ತವರು, ನಕ್ಷೆ ತೆಗೆದವಳು ಇವಳೊಬ್ಬಳೇ ಎಂದು ಚಹಾದ ಅಂಗಡಿಯಲ್ಲಿ ಹೇಳಿದ್ದೇ ಹೇಳಿದ್ದು. ಕೇಳಿ ಕೇಳಿ ಸಾಕಾಗಿ ಜನ ಚಹಾ ಬಿಟ್ಟು ಏಳುತ್ತಿದ್ದರು.

ಕಾಯಂ ಆಗುವ ಮೊದಲು ಅವಳ ಪಾಲಿಗೆ ಬಂದ ಪೂರ್ತಿ ಸ್ವಂತ ಕೆಲಸ ಬಬಲೇಶ್ವರದ್ದು. ಅಲ್ಲಿನ ಒಣದ್ರಾಕ್ಷಿ ಬೆಳೆಗಾರರ ಒಂದು ಸಂಘದವರು ತಮ್ಮ ಕೋಲ್ಡ್ ಸ್ಟೋರೇಜಿನ ಹಿಂದೆ ಸರ್ವರ್ ಖೋಲಿ ಕಟ್ಟಿಸಬೇಕಿತ್ತು. ಯುಗಾದಿಯ ಹೊತ್ತಿಗೆ ಹೊಸ ಮಾಲು ಬರುತ್ತದೆ, ಅಷ್ಟರಲ್ಲಿ ಕಂಪ್ಯೂಟರಿನ ಮೇಲೆ ಹರಾಜು ಸುರುವಾಗಬೇಕು. ಆಳೆತ್ತರದ ನಾಲ್ಕು ಕಬ್ಬಿಣದ ಕಪಾಟು, ಅವುಗಳ ತುಂಬ ಯಂತ್ರ. ಸಮ್ರೀನ ನಕ್ಷೆ ತೆಗೆದಳು, ಹತ್ತು ಅಗಲ, ಹನ್ನೆರಡು ಉದ್ದ. ಚೇತನಕುಮಾರ ನೋಡಿ, "ಬರೋಬ್ಬರಿ ಐತಿ. ಈಗ ಚಲೋ ಗೌಂಡಿನ್ನ ನೀನ ಹುಡುಕು" ಅಂದ.

ಅವಳಿಗೆ ಗೊತ್ತಿದ್ದ ಚಲೋ ಗೌಂಡಿ ಒಬ್ಬನೇ. ಆದರೆ ಕಂಪನಿಯ ಕಾಗದದಲ್ಲಿ ಒಂದು ಸಾಲಿತ್ತು: ಕೆಲಸ ಮಾಡುವವರು ನಿಮಗೆ ಸಂಬಂಧಿಕರೇ? ಸಮ್ರೀನ ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ಅವಳ ಶಾಲೆಯ ಕಾಗದಗಳಲ್ಲಿ ಇದ್ದದ್ದು ಮನೆತನದ ಹೆಸರು, ಮಕಾಂದಾರ. ಅಪ್ಪನ ಬಿಲ್ಲಿನ ಪುಸ್ತಕದ ಮೇಲೆ ಇದ್ದದ್ದು ಬರೀ ದಾದಾಸಾಬ ಗೌಂಡಿ, ಟಿಕೋಟಾ. ಯಾರಿಗೆ ತಿಳಿಯಬೇಕು? ‘ಇಲ್ಲ’ ಎಂದು ಬರೆದಳು.

"ಅಬ್ಬಾ, ಅಲ್ಲೆ ನನ್ನ ಮಗಳ ಅನಬ್ಯಾಡ, ಹೆಸರು ಹಿಡದೂ ಕರೀಬ್ಯಾಡ. ಮೇಡಂ ಅನ್ನು," ಎಂದು ಮನೆಯಲ್ಲಿ ಅಪ್ಪನಿಗೆ ಹೇಳಿದಳು.

"ಮೇಡಂ," ಎಂದು ದಾದಾಸಾಬ ರುಚಿ ನೋಡಿದ. "ಮೇಡಮ್ಮಾರ, ಚಾ ಕುಡೀತೀರೇನ್ರಿ?"

ರಾಜಬಿ ಒಲೆಯ ಮುಂದೆ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಮನೆಯಲ್ಲಿ ಅವರು ಉರ್ದು ಆಡುತ್ತಾರೆ, ಆದರೆ ಕೆಲಸದ ಮಾತು ಬಂದರೆ ಅಪ್ಪ ಮಗಳು ಕನ್ನಡಕ್ಕೆ ಹೊರಳುತ್ತಾರೆ. ಕರಣೆ ಹಿಡಿದದ್ದು ಕನ್ನಡದಲ್ಲಿ, ಲೆಕ್ಕ ಕಲಿತದ್ದು ಕನ್ನಡದಲ್ಲಿ. ಆ ವಾರವೆಲ್ಲ ಸಮ್ರೀನ ಅವನಿಗೆ ಹೇಳಿದ್ದೂ ಕನ್ನಡದಲ್ಲೇ. ಧೂಳು ಬರಬಾರದು, ಗೋಡೆ ಹಸಿ ಇರಬಾರದು, ಬಾಗಿಲ ಎತ್ತರ ಏಳು ಫೂಟಿಗೆ ಒಂದು ಇಂಚೂ ಕಡಿಮೆ ಆಗಬಾರದು, ಹೊಸ್ತಿಲು ಇಡಬಾರದು. ದಾದಾಸಾಬ ಎಲ್ಲಕ್ಕೂ ಹೂಂ ಅಂದ. ಒಂದು ಸಲ ತಡೆಯಲಾರದೆ, "ಆಯ ನೋಡೀಯೇನು?" ಎಂದ.

"ಅಬ್ಬಾ, ಅದರಾಗ ಮನಷ್ಯಾರು ಇರಂಗಿಲ್ಲ, ಮಶೀನ್ ಇರತಾವು. ಮಶೀನ್‌ಗ ಎಂಥಾ ಆಯ?" ಎಂದು ನಕ್ಕುಬಿಟ್ಟಳು.

ಹತ್ತೇ ಯಾಕೆ, ಹನ್ನೆರಡೇ ಯಾಕೆ ಎಂದು ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ. ನಕ್ಷೆಯಲ್ಲಿ ಬರೆದದ್ದನ್ನು ಬರೆದಂತೆ ಕಟ್ಟುತ್ತಾರೆ ಎಂದು ಅವಳಿಗೆ ಕಾಲೇಜು ಕಲಿಸಿತ್ತು. ಬರೆದದ್ದು ಮಾತಿನ ಆರಂಭ ಎಂದು ಅವನಿಗೆ ಅಮರಪ್ಪ ಕಲಿಸಿದ್ದ. ಒಂದೇ ಮನೆಯಲ್ಲಿ, ಒಂದೇ ತಾಟಿನ ಮುಂದೆ ಕೂತು ಇಬ್ಬರೂ ಇಷ್ಟನ್ನು ಬಿಟ್ಟು ಉಳಿದದ್ದೆಲ್ಲ ಮಾತಾಡಿದರು. ಹಣೆಬರಹ ಅನ್ನುವವರು ಇದನ್ನೇ ಅನ್ನುತ್ತಾರೇನೋ, ನನಗಂತೂ ಸಿಟ್ಟು ಬರುತ್ತದೆ.

ಪಾಯ ಹಾಕುವ ಹೊತ್ತಿಗೆ ಕಂಪನಿಯವರು ಸಮ್ರೀನಳನ್ನು ಕಲಬುರಗಿಯ ಕಡೆ ಬೇರೆ ಕೆಲಸಕ್ಕೆ ಎರಡು ತಿಂಗಳ ಮಟ್ಟಿಗೆ ಕಳಿಸಿದ್ದರು. ಡಿಸೆಂಬರಿನ ಬೆಳಿಗ್ಗೆ, ಬಬಲೇಶ್ವರದಲ್ಲಿ ಮೈ ನಡುಗುವ ಥಂಡಿ. ಆಳುಗಳು ತಲೆಗೆ ಟವೆಲು ಸುತ್ತಿ ಬೀಡಿ ಹಚ್ಚಿ ಕೂತಿದ್ದರು. ದಾದಾಸಾಬ ಗೂಟ ಹೊಡೆದು ದಾರ ಎಳೆದ. ಎಳೆದವನು ರೂಢಿಯಂತೆ ಒಂದು ಇಟ್ಟಂಗಿಯ ಚೂರು ಎತ್ತಿ ಕೋಲ್ಡ್ ಸ್ಟೋರೇಜಿನ ಗೋಡೆಯ ಮೇಲೆ ಬರೆದ. ಹತ್ತು ಹನ್ನೆರಡಲೆ ನೂರಾ ಇಪ್ಪತ್ತು. ಎಂಟು ಹದಿನೈದಲೆ ನೂರಾ ಇಪ್ಪತ್ತು. ಉಳಿದದ್ದು ಸೊನ್ನೆ.

ಕಾಗೆ.

ಮತ್ತೊಮ್ಮೆ ಗುಣಿಸಿದ, ಮತ್ತೊಮ್ಮೆ ಭಾಗಿಸಿದ. ಅದೇ ಬಂತು. ಮರಳಿನ ಗುಡ್ಡೆಯ ಮೇಲೆ ಕೂತ. ಅಶ್ಫಾಕನನ್ನು ಎತ್ತಿಕೊಂಡು ಬಸ್ಸಿಗೆ ಓಡಿದ್ದು, ಅವನ ಮೈ ಕಾವಲಿಯಂತೆ ಸುಡುತ್ತಿದ್ದದ್ದು ನೆನಪಾಯಿತು. ಉಳಿದ ಒಬ್ಬ ಮಗಳು, ಅವಳ ಮೊದಲ ಖೋಲಿ, ಅದಕ್ಕೂ ಸೊನ್ನೆ! ಅವಳಿಗೆ ಫೋನು ಮಾಡಲೆಂದು ಜೇಬಿಗೆ ಕೈ ಹಾಕಿದ. ನಗುತ್ತಾಳೆ ಅನ್ನಿಸಿತು. ನಗಲಿ ಬಿಡು, ಆದರೆ ಬೇಡ ಅಂದುಬಿಟ್ಟರೆ? ಬೇಡ ಅಂದ ಮೇಲೆ ಮಾಡಿದರೆ ಅವಳ ಮಾತು ಮೀರಿದಂತೆ. ಕೇಳದೆ ಮಾಡಿದರೆ ಬರೀ ಗೌಂಡಿಯ ಕೆಲಸ. ಕೈ ಜೇಬಿನಿಂದ ಹೊರಗೆ ಬಂತು.

ಖೋಲಿ ದೊಡ್ಡದು ಮಾಡಿದರೆ ಇಟ್ಟಂಗಿ ಹೆಚ್ಚು ಬೇಕು, ಮಗಳು ಬರೆದುಕೊಟ್ಟ ಲೆಕ್ಕ ತಪ್ಪುತ್ತದೆ. ಒಂದು ಫೂಟು ಅಗಲದಲ್ಲಿ ತೆಗೆದು ಅದನ್ನೇ ಉದ್ದಕ್ಕೆ ಸೇರಿಸಿದ. ಒಂಬತ್ತು ಹದಿಮೂರಲೆ ನೂರಾ ಹದಿನೇಳು. ಉಳಿದದ್ದು ಐದು, ವೃಷಭ. ನಾಲ್ಕೂ ಗೋಡೆ ಕೂಡಿಸಿ ನೋಡಿದರೆ ಮೊದಲೂ ನಲವತ್ನಾಲ್ಕು ಫೂಟು, ಈಗಲೂ ನಲವತ್ನಾಲ್ಕು ಫೂಟು. ಒಂದು ಇಟ್ಟಂಗಿ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ! ದಾದಾಸಾಬನಿಗೆ ಹೋದ ಜೀವ ಬಂದಂತಾಯಿತು. ಗೂಟ ಕಿತ್ತು ಬೇರೆ ಕಡೆ ಹೊಡೆದ. ಆವತ್ತು ಆಳುಗಳಿಗೆಲ್ಲ ಮಿರ್ಚಿ ಭಜಿ ಕೊಡಿಸಿದ.

ಆಮೇಲೆ ಕಟ್ಟಿದ್ದನ್ನು ಯಾರಾದರೂ ನೋಡಬೇಕಿತ್ತು. ತೂಗುಗುಂಡು ಬಿಟ್ಟು ಬಿಟ್ಟು ಎಬ್ಬಿಸಿದ ಗೋಡೆ, ಕೈ ಆಡಿಸಿದರೆ ಜಾರುವ ಗಾರೆಯ ಗಿಲಾವು. ಮೇಲೆ ಸ್ಲ್ಯಾಬು ಹಾಕಿದ ಮೇಲೆ ಇಪ್ಪತ್ತೊಂದು ದಿನ ತಾನೇ ಹೋಗಿ ನೀರು ಬಿಟ್ಟ. ಸಮ್ರೀನ ವಾಪಸು ಬಂದವಳು ಬಾಗಿಲಲ್ಲಿ ನಿಂತು, "ಎಷ್ಟ ಚಂದ ಮಾಡೀರಿ ಮೇಸ್ತ್ರಿ!" ಅಂದಳು. ಪಕ್ಕದಲ್ಲಿ ಸಂಘದವರು ಇದ್ದರು. ಬಾಗಿಲ ಎತ್ತರ ಅಳೆದಳು, ತಂತಿ ಹಾಯುವ ತೂತು ಅಳೆದಳು. ಗೋಡೆಯಿಂದ ಗೋಡೆಗೆ ಟೇಪು ಹಿಡಿಯಲಿಲ್ಲ. ನಲವತ್ತು ವರ್ಷ ಕಟ್ಟಿದ ಕೈ ಅದು, ಅದರ ಮುಂದೆ ಮಗಳು ಟೇಪು ಬಿಚ್ಚಿದರೆ ನಂಬಿಕೆ ಇಲ್ಲ ಅಂದಂತೆ. ನಕ್ಷೆಯ ಪ್ರಕಾರ ಇದೆ ಎಂದು ಸಹಿ ಮಾಡಿದಳು.

ಫೆಬ್ರವರಿಯ ಕೊನೆಗೆ ಯಂತ್ರ ಕೊಡುವ ಕಂಪನಿಯಿಂದ ಶೈಲಶ್ರೀ ಎಂಬ ಇಂಜಿನಿಯರು ಖೋಲಿ ನೋಡಲು ಬಂದಳು. ಚೇತನಕುಮಾರನೂ ಬಂದಿದ್ದ. ದಾದಾಸಾಬ ಒಗೆದ ಅಂಗಿ ಹಾಕಿಕೊಂಡು, ಏನಾದರೂ ಸಣ್ಣ ಪುಟ್ಟ ಕೆಲಸ ಹೇಳಿದರೆ ಇರಲೆಂದು ಕರಣೆ ಹಿಡಿದು ಬಾಗಿಲ ಹೊರಗೆ ನಿಂತಿದ್ದ. ಶೈಲಶ್ರೀ ಟೇಪು ತೆಗೆಯಲಿಲ್ಲ. ಅಂಗೈಯಷ್ಟು ದೊಡ್ಡ ಯಂತ್ರವೊಂದನ್ನು ಗೋಡೆಗೆ ಹಚ್ಚಿದಳು, ಎದುರು ಗೋಡೆಯ ಮೇಲೆ ಕೆಂಪು ಚುಕ್ಕೆ ಬಿತ್ತು.

"ಒಂಬತ್ತು ಫೂಟ್ ತೋರಸಾಕತ್ತೈತಿ. ಡ್ರಾಯಿಂಗ್‌ದಾಗ ಹತ್ತು ಐತೆಲ್ಲ?"

"ಇನ್ನೊಮ್ಮೆ ಹಿಡೀರಿ ಮೇಡಂ," ಅಂದ ಚೇತನಕುಮಾರ.

ಇನ್ನೊಮ್ಮೆ ಹಿಡಿದಳು. ಒಂಬತ್ತೇ. ಉದ್ದಕ್ಕೆ ಹಿಡಿದಳು, ಹದಿಮೂರು. ಸಮ್ರೀನ ಗೋಡೆಯನ್ನು ನೋಡಿದಳು, ಆಮೇಲೆ ಬಾಗಿಲ ಹೊರಗಿದ್ದ ಅಪ್ಪನನ್ನು ನೋಡಿದಳು. ಒಂದೇ ನೋಟ. ಅವಳಿಗೆ ಎಲ್ಲ ತಿಳಿಯಿತು. ಆ ಮನೆಯಲ್ಲಿ ಹುಟ್ಟಿದವಳಿಗೆ ಅಷ್ಟೂ ತಿಳಿಯದಿದ್ದರೆ ಹೇಗೆ?

ಶೈಲಶ್ರೀ ನೆಲದ ಮೇಲೆ ಸೀಮೆಸುಣ್ಣದಿಂದ ಕಪಾಟುಗಳ ಗೆರೆ ಹಾಕಿ ತೋರಿಸಿದಳು. ಕಪಾಟಿನ ಆಳ ಮೂರೂವರೆ ಫೂಟು. ಮುಂದೆ ಮೂರೂವರೆ ಬೇಕು, ಯಂತ್ರವನ್ನು ಹೊರಗೆ ಎಳೆಯಲು. ಹಿಂದೆ ಮೂರು ಬೇಕು, ಮನುಷ್ಯ ನಿಂತು ತಂತಿ ಜೋಡಿಸಲು. ಕೂಡಿದರೆ ಹತ್ತು. ಈಗ ಹಿಂದೆ ಉಳಿಯುವುದು ಎರಡೇ. ಕಪಾಟಿನ ಬಾಗಿಲು ತೆಗೆದರೆ ಗೋಡೆಗೆ ಬಡಿಯುತ್ತದೆ, ನಡುವೆ ಮನುಷ್ಯ ಹಿಡಿಯುವುದಿಲ್ಲ.

"ಹೊಳ್ಳಿಸಿ ನಿಲ್ಲಿಸಿದ್ರ?" ಎಂದು ಚೇತನಕುಮಾರ ಕೇಳಿದ.

"ನಾಕು ಕಪಾಟು ಸಾಲಾಗಿ ಎಂಟು ಫೂಟ್ ಆಗತಾವ್ರಿ. ಒಂಬತ್ತರಾಗ ಎಂಟು ಹೋದ್ರ ಒಂದ ಫೂಟ್. ಹಿಂದ ಹೋಗೂದು ಹೆಂಗ? ನಾ ಪಾಸ್ ಮಾಡಾಕ ಬರಂಗಿಲ್ಲ."

"ಗ್ವಾಡಿ ಒಡದು..." ಎಂದವನು ಮೇಲೆ ನೋಡಿ ಸುಮ್ಮನಾದ. ಸ್ಲ್ಯಾಬಿನ ಭಾರವೆಲ್ಲ ಗೋಡೆಯ ಮೇಲಿತ್ತು. ಒಡೆದರೆ ಎಲ್ಲವನ್ನೂ ಒಡೆಯಬೇಕು, ಮತ್ತೆ ಕಟ್ಟಿ ಒಣಗಲು ಎರಡು ತಿಂಗಳು. ಹರಾಜು ಯುಗಾದಿಗೆ.

"ಸಮ್ರೀನ, ಸಹಿ ನಿಂದೈತಿ. ಟೇಪ್ ಹಿಡದಿದ್ದೇನು?"

"ಇಲ್ರಿ ಸರ್." ದನಿ ಬಹಳ ಸಣ್ಣದಾಗಿತ್ತು. "ತಪ್ಪು ನಂದರಿ. ಮೇಸ್ತ್ರಿಗೆ ಅಳತಿ ಹೇಳುವಾಗ ಹೆಚ್ಚುಕಮ್ಮಿ ಹೇಳೀನಿ. ಅವರು ನಾ ಹೇಳಿದಂಗ ಕಟ್ಟ್ಯಾರ."

ಚೇತನಕುಮಾರ ಸೊಂಟದ ಮೇಲೆ ಕೈ ಇಟ್ಟುಕೊಂಡು ನೆಲದ ಗೆರೆಗಳನ್ನು ನೋಡಿದ. ಸಿಟ್ಟಿನವನಲ್ಲ ಆತ. ಆತನೂ ಹಿಂದೊಮ್ಮೆ ಒಂದು ಆಸ್ಪತ್ರೆಯಲ್ಲಿ ಬಾಗಿಲು ಸಣ್ಣದಾಗಿ ಕಪಾಟು ಹೋಗದೆ ಮರ್ಯಾದೆ ಕಳೆದುಕೊಂಡವನೇ. "ಹುಚ್ಚಿ, ಮೊದಲನೇ ಕೆಲಸದಾಗ ಹಿಂಗ ಮಾಡತಾರೇನು?" ಎಂದು ಬೈಯುವುದಕ್ಕೆ ಸುರುಮಾಡಿದ. ಬೈಗುಳದ ದನಿ ಅಷ್ಟೇ, ಒಳಗೆ ಬಿಟ್ಟುಬಿಡುವ ಮನಸ್ಸಿತ್ತು. ಶೈಲಶ್ರೀ ಕೂಡ, "ಆಗತೈತ್ರಿ ಸರ್, ನಮ್ಮಲ್ಲೂ ಆಗ್ಯಾವ" ಅಂದಳು. ಇನ್ನು ನಾಲ್ಕು ಮಾತು ಬೈದು, ಮುಂದಿನ ಕೆಲಸದಲ್ಲಿ ಎರಡು ಸಲ ಟೇಪು ಹಿಡಿ ಎಂದು ಹೇಳಿ ಆತ ಮುಗಿಸುತ್ತಿದ್ದ.

ಇದು ಹೊರಗೆ ನಿಂತ ದಾದಾಸಾಬನಿಗೆ ತಿಳಿಯಲಿಲ್ಲ. ಅವನಿಗೆ ಕೇಳಿಸಿದ್ದು ಬೈಗುಳ ಮಾತ್ರ. ಕಂಡದ್ದು ತಗ್ಗಿದ ಮಗಳ ತಲೆ, ಆಕೆ ಮಾಡದ ತಪ್ಪಿಗೆ. ಚಪ್ಪಲಿ ಬಿಟ್ಟು ಒಳಗೆ ಬಂದೇಬಿಟ್ಟ.

"ಸಾಹೇಬ್ರ, ಅಕೀಗೆ ಏನೂ ಅನಬ್ಯಾಡ್ರಿ. ಅಕಿ ಹತ್ತು ಹನ್ನೆರಡ ಬರದಿದ್ಲು. ನಾನ ಬದಲ ಮಾಡೀನಿ. ಅಕೀಗೆ ಗೊತ್ತ ಇಲ್ಲ."

"ನೀವ್ಯಾಕ ಬದಲ ಮಾಡಿದ್ರಿ?"

"ಹತ್ತು ಹನ್ನೆರಡಕ್ಕ ಕಾಗಿ ಆಯ ಬರತಿತ್ರಿ."

"ಎಂಥಾ ಆಯ? ಕಂಪ್ಯೂಟರ್ ಇಡೂ ಖೋಲಿಗೆ?"

"ಕಂಪ್ಯೂಟರ್ ಸಲುವಾಗಿ ಅಲ್ರಿ ಯಪ್ಪಾ," ಅಂದ ದಾದಾಸಾಬ. "ನನ್ನ ಮಗಳ ಮೊದಲನೇ ಖೋಲಿ. ಒಂದ ಮಗು ಹಂಗ ಕಳಕೊಂಡೇನಿ. ಇಕಿದು ಕೆಡಬಾರದಂತ..."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎರಡೂ ಒಂದೇ ಸಲ ಹೋದವು. ಸಮ್ರೀನ ಕಣ್ಣು ಮುಚ್ಚಿಕೊಂಡಳು. ಚೇತನಕುಮಾರ ಒಮ್ಮೆ ಅವನ ಮುಖ, ಒಮ್ಮೆ ಅವಳ ಮುಖ ನೋಡಿದ. ಅದೇ ಮೂಗು, ಅದೇ ಹುಬ್ಬು. ಇಷ್ಟು ದಿನ ಯಾಕೆ ಕಾಣಲಿಲ್ಲವೋ.

"ಮಗಳು?" ಎಂದ. ಆಮೇಲೆ ಸಮ್ರೀನಳಿಗೆ, "ಕಾಗದದಾಗ ಏನಂತ ಬರದಿದ್ದಿ?"

"ಸಂಬಂಧಿಕರಲ್ಲ ಅಂತ ಬರದೀನ್ರಿ."

ಶೈಲಶ್ರೀ ತನ್ನ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಹೋದಳು, ಮನೆಯ ಜಗಳದಲ್ಲಿ ನಿಂತಂತೆ ಅನ್ನಿಸಿರಬೇಕು. ಚೇತನಕುಮಾರ ಈಗ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಳತಿ ತಪ್ಪಿದಾಕಿನ್ನ ತಿದ್ದಬಹುದಿತ್ತು ತಂಗಿ," ಅಂದ. "ಸುಳ್ಳ ಬರದು, ನಿಮ್ಮಪ್ಪಗ ಕೆಲಸ ಕೊಟ್ಟು, ನೋಡದ ಸಹಿ ಮಾಡಿದಾಕಿನ್ನ ನಾ ಯಾರ ಮುಂದ ಹೆಂಗ ನಿಲ್ಲಸ್ಲಿ? ನಾಳಿಂದ ಬರಬ್ಯಾಡ."

ದಾದಾಸಾಬ ಆತನ ಕಾಲಿಗೆ ಬಗ್ಗಿದ. ಚೇತನಕುಮಾರ ಭುಜ ಹಿಡಿದು ಎಬ್ಬಿಸಿದ. "ಹಿರ್ಯಾರು ಹಂಗ ಮಾಡಬಾರದ್ರಿ" ಎಂದು ಹೇಳಿ ಕಾರು ಹತ್ತಿದ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎಂದು ಜನ ನಗುತ್ತಾರೆ, ಆದರೆ ಇಲ್ಲಿ ನಗುವುದಕ್ಕೇನಿದೆ? ಒಂದು ಸಲ ಪ್ರೀತಿಯಿಂದ ಗೋಡೆ ಸರಿಸಿ ಮಗಳನ್ನು ಸಿಕ್ಕಿಸಿದ. ಇನ್ನೊಂದು ಸಲ ಪ್ರೀತಿಯಿಂದ ಬಾಯಿ ತೆರೆದು, ತಪ್ಪಿಸಿಕೊಳ್ಳುತ್ತಿದ್ದವಳನ್ನು ಪೂರ್ತಿ ಮುಳುಗಿಸಿದ.

ಬಬಲೇಶ್ವರದಿಂದ ಟಿಕೋಟಾಕ್ಕೆ ಅಪ್ಪನ ಗಾಡಿಯ ಹಿಂದೆ ಕೂತು ಸಮ್ರೀನ ವಾಪಸು ಬಂದಳು. ಕೆಲಸ ಹೋಯಿತೆಂದು ಅಮ್ಮನಿಗೆ ಉರ್ದುವಿನಲ್ಲಿ ಹೇಳಿ ಒಳಗೆ ಹೋದಳು. ರಾಜಬಿ ಗಂಡನ ಕಡೆ ನೋಡಿದಳು. ಗಂಡ ಎಲ್ಲ ಹೇಳಿದ, ಮೊದಲ ಸಲ ಅಶ್ಫಾಕನ ಖೋಲಿಯ ಲೆಕ್ಕವನ್ನೂ ಹೇಳಿದ. ಮೂವತ್ತು ವರ್ಷ ಮುಚ್ಚಿಟ್ಟಿದ್ದು ಅದು. ರಾಜಬಿ ಬಹಳ ಹೊತ್ತು ಅತ್ತಳು. "ಸಾಯಾಕ ಬಂದ ಜ್ವರಕ್ಕ ಗ್ವಾಡಿ ಏನ ಮಾಡತಾವು? ಇಷ್ಟ ವರ್ಷ ಇದನ್ನ ಹೊತಕೊಂಡ ಕುಂತೀರೇನು? ನನಗರ ಹೇಳಬಾರದಾ?" ಎಂದಳು.

ಮುಂದಿನ ತಿಂಗಳು ದಾದಾಸಾಬ ಮೂರು ಸಲ ಸೊಲ್ಲಾಪುರ ರಸ್ತೆಗೆ ಹೋದ. ಗೋಡೆ ಒಡೆದು ಕೂಲಿ ಇಲ್ಲದೆ ಮತ್ತೆ ಕಟ್ಟಿಕೊಡುತ್ತೇನೆ ಎಂದು ಹೇಳುವುದಿತ್ತು. ಮೊದಲ ಸಲ ಚೇತನಕುಮಾರ ಕರೆದು ಚಹಾ ಕೊಟ್ಟು, ಆ ಕಪಾಟುಗಳನ್ನು ವಿಜಯಪುರದಲ್ಲೇ ಒಂದು ಬಾಡಿಗೆಯ ಜಾಗದಲ್ಲಿ ನಿಲ್ಲಿಸಿ ಆಯಿತು ಎಂದು ಹೇಳಿದ. ಎರಡನೆಯ ಸಲ ಹೊರಗಿನ ಬೆಂಚಿನ ಮೇಲೆ ಕೂತು ಕಾದು ಬಂದ. ಮೂರನೆಯ ಸಲ ಬಾಗಿಲವರೆಗೆ ಹೋದವನು ಒಳಗೆ ಹೋಗಲಿಲ್ಲ.

ಸಮ್ರೀನ ಬೇರೆ ಕಡೆ ಅರ್ಜಿ ಹಾಕಿದಳು. ಈ ಕೆಲಸ ಮಾಡುವ ಕಂಪನಿಗಳು ವಿಜಯಪುರದಲ್ಲಿ ಇರುವುದೇ ನಾಲ್ಕು. ನಾಲ್ವರೂ ಒಬ್ಬರಿಗೊಬ್ಬರು ಗೊತ್ತು. "ಫೋನ್ ಮಾಡತೇವಿ" ಅಂದರು, ಮಾಡಲಿಲ್ಲ. ಹುಬ್ಬಳ್ಳಿಯಿಂದ ಒಂದು ಸಲ ಕರೆ ಬಂತು. ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿದರು. ಅವಳು ನಿಜ ಹೇಳಿದಳು, ಆಮೇಲೆ ಸುಳ್ಳು ಬರೆಯುವ ಧೈರ್ಯ ಅವಳಿಗೆ ಉಳಿದಿರಲಿಲ್ಲ. ಈಗ ಟಿಕೋಟಾ ಬಸ್ ನಿಲ್ದಾಣದ ಎದುರು ಝೆರಾಕ್ಸ್ ಅಂಗಡಿಯಲ್ಲಿ ಕೂತು ಜನರ ಹೊಲದ ಉತಾರಗಳ ಪ್ರತಿ ತೆಗೆದುಕೊಡುತ್ತಾಳೆ. ಆಗೊಮ್ಮೆ ಈಗೊಮ್ಮೆ ಯಾರಾದರೂ ಮನೆಯ ನಕ್ಷೆ ತಂದರೆ ಪ್ರತಿ ತೆಗೆಯುವ ಮೊದಲು ತುಸು ಹೊತ್ತು ನೋಡುತ್ತಾಳಂತೆ. ವರಗಳೂ ಈಗ ಮೊದಲಿನಂತೆ ಬರುತ್ತಿಲ್ಲ.

ಬಬಲೇಶ್ವರದ ಖೋಲಿಯಲ್ಲಿ ಸಂಘದವರು ಖಾಲಿ ಕ್ರೇಟು ತುಂಬಿದ್ದಾರೆ. ಎಂಥ ಮಳೆಗೂ ಒಂದು ಹನಿ ಸೋರಿಲ್ಲ ಎಂದು ಹೊಗಳುತ್ತಾರೆ.

ದಾದಾಸಾಬನನ್ನು ಈಗಲೂ ಜನ ಕರೆಯುತ್ತಾರೆ. ನಿಡೋಣಿಯಿಂದ ಒಬ್ಬರು ಬಂದು, "ಮೇಸ್ತ್ರಿ, ಆಯ ಕೂಡಿಸಿ ಕಟ್ಟಬೇಕು ನೋಡ್ರಿ" ಅಂದರು. "ನಕ್ಷೆದಾಗ ಇದ್ದಂಗ ಕಟ್ಟತೇನ್ರಿ, ನನ್ನ ಕೈಲೆ ಅದು ಆಗೂದಿಲ್ಲ" ಅಂದ. ಹಾಗಾದರೆ ನೀನೇ ಯಾಕೆ ಬೇಕು ಎಂದು ಅವರು ಬೇರೆ ಗೌಂಡಿಯನ್ನು ಹುಡುಕಿಕೊಂಡರು. ಹೀಗೆ ಒಂದೊಂದೇ ಕೆಲಸ ತಪ್ಪಿದವು. ಮನೆಯ ಮುಂದೆ ಕಟ್ಟೆಯ ಮೇಲೆ ಕೂತಿರುತ್ತಾನೆ.

ಒಂದು ಶುಕ್ರವಾರ ಮಧ್ಯಾಹ್ನ ಸಮ್ರೀನ ಅಂಗಡಿಗೆ ರಜೆ ಇದ್ದು ಮನೆಯಲ್ಲಿದ್ದಳು. ಮೆಂತ್ಯದ ಸೊಪ್ಪು ಸೋಸುತ್ತ ಅಪ್ಪನ ಪಕ್ಕ ಬಂದು ಕೂತಳು. ಆ ದಿನದ ನಂತರ ಅವಳಾಗಿ ಹತ್ತಿರ ಬಂದು ಕೂತದ್ದು ಅದೇ ಮೊದಲು. ದಾದಾಸಾಬ ಸರಿದು ಜಾಗ ಕೊಟ್ಟ. ಅವಳು ಮಾತಾಡಿದ್ದು ಕನ್ನಡದಲ್ಲಿ.

"ಅಬ್ಬಾ, ಹನ್ನೊಂದು ಹದಿಮೂರು ಮಾಡಿದ್ರ ಯಾವ ಆಯ ಬರತಿತ್ತು?"

ಅವನು ಲೆಕ್ಕ ಹಾಕಬೇಕಾಗಿರಲಿಲ್ಲ. ಆದರೂ ಬೆರಳು ಎಣಿಸಿದ. ನೂರಾ ನಲವತ್ಮೂರು. ಉಳಿಯುವುದು ಏಳು.

"ಗಜ."

"ಚಲೋ ಆಯ ಹೌದಲ್ಲ?"

"ಎಲ್ಲಾದರಕಿಂತ ಚಲೋದು."

"ಹಿಂದ ಬಯಲ ಇತ್ತು. ಜಾಗಾ ಬೇಕಾದಷ್ಟು ಇತ್ತು." ಅವಳು ಒಂದು ಕಡ್ಡಿಯಿಂದ ಎಲೆ ಕೀಳುತ್ತ, ತಲೆ ಎತ್ತದೆ ಹೇಳಿದಳು. "ನಿನ್ನ ಆಯನೂ ಕೂಡತಿತ್ತು, ನನ್ನ ಕಪಾಟೂ ನಿಲ್ಲತಿದ್ವು. ನಿನಗ ಅವತ್ತ ಇದು ಹೊಳೀಲಿಲ್ಲೇನು?"

"ಹೊಳೀತು."

ಅವಳ ಕೈ ನಿಂತಿತು.

"ನಾಕ ಫೂಟ್ ಗ್ವಾಡಿ ಹೆಚ್ಚಾಗತಿತ್ತು," ಅಂದ ದಾದಾಸಾಬ. "ನಿನ್ನ ಮೊದಲನೇ ಕೆಲಸ. ಇಟ್ಟಂಗಿ ಸಾಲಲಿಲ್ಲ ಅಂತ ನಿನ್ನ ಕೇಳೂದು ಬ್ಯಾಡ ಅಂತ..."

ಸಮ್ರೀನ ಅವನ ಮುಖ ನೋಡಿದಳು. ಸಿಟ್ಟು ಇರಲಿಲ್ಲ ಆ ಕಣ್ಣಲ್ಲಿ, ಸಿಟ್ಟು ಇದ್ದಿದ್ದರೆ ಅವನು ಹೇಗೋ ತಾಳಿಕೊಳ್ಳುತ್ತಿದ್ದ.

"ಕೇಳಿದ್ರ ಕೊಡತಿದ್ನೆಲ್ಲ ಅಬ್ಬಾ," ಅಂದಳು.

ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಆ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.